ದೌಲಪ್ಪನ ಬಂಡಿಮನೆ

ಬಂಡಿಯಲ್ಲಿ ಎಲ್ಲವೂ ಇತ್ತು. ಹೆಂಡತಿ ಮಕ್ಕಳು ಕೂಡುವ ಜಾಗ ಮಾತ್ರ ಇರಲಿಲ್ಲ.

ಇದು ಗೊತ್ತಾದದ್ದು ಹೊರಡುವ ದಿನ ಬೆಳಗ್ಗೆ, ಕಲಬುರ್ಗಿಯ ಸ್ಟೇಶನ್ ಬಜಾರದ ಓಣಿಯ ಅರ್ಧ ಜನ ಸುತ್ತ ನಿಂತು ನೋಡುತ್ತಿದ್ದಾಗ.

ದೌಲಪ್ಪ ಅಡತಿ ಅಂಗಡಿಯ ಗುಮಾಸ್ತ. ಹೆಂಡತಿ ಶಿವಕಾಂತಮ್ಮನ ತವರು ಕಮಲಾಪುರ. ಅದರಾಚೆಯ ಕಲ್ಲುಗುಡ್ಡದಲ್ಲಿ ಅವರ ಮನೆದೇವರು. ವರ್ಷಕ್ಕೊಮ್ಮೆ ಸಂಸಾರ ಸಮೇತ ಹೋಗಿ, ಮರದ ಕೆಳಗೆ ಅಡುಗೆ ಮಾಡಿಕೊಂಡು, ಅಲ್ಲೇ ಮಲಗೆದ್ದು ಬರುವುದು ಪದ್ಧತಿ. ದೌಲಪ್ಪನಿಗೆ ಬಂಡಿ ಇರಲಿಲ್ಲ. ಹೆಂಡತಿಯ ಅಣ್ಣ ಸೂಗಪ್ಪನೇ ಪ್ರತಿ ವರ್ಷ ಕಮಲಾಪುರದಿಂದ ಬಂಡಿ ಕಳಿಸುತ್ತಿದ್ದ. ಕಳಿಸಿ ಸುಮ್ಮನಿದ್ದಿದ್ದರೆ ಅವನನ್ನು ಮನುಷ್ಯ ಎನ್ನಬಹುದಿತ್ತು. ಹೋದ ವರ್ಷ ಊಟದ ಪಂಕ್ತಿಯಲ್ಲಿ, ನೆಂಟರೆಲ್ಲರ ಎದುರಿಗೆ, ಅವನ ನಾಲಿಗೆ ತುರಿಸಿತು.

"ನಮ್ಮ ದೌಲಪ್ಪನವರಿಗಿ ಸ್ವಂತದ್ದಂತ ಒಂದು ಗಾಲಿ ಸುದ್ದಾ ಇಲ್ರಿ. ನಾ ಬಂಡಿ ಕಳಸಲಿಲ್ಲಂದ್ರ ದೇವರೇ ಗುಡ್ಡ ಇಳದು ಕಲಬುರ್ಗಿಗಿ ಹೋಗಬೇಕು!"

ನೆಂಟರು ನಕ್ಕರು. ಶಿವಕಾಂತಮ್ಮನೂ ನಕ್ಕಳು. ದೌಲಪ್ಪನಿಗೆ ನಾಟಿದ್ದು ಅದು. ಎಲೆ ಬಿಟ್ಟು ಎದ್ದು ನಿಂತು, "ಬರೋ ವರ್ಷ ನನ್ನ ಬಂಡ್ಯಾಗ ಬರ್ತೀನಿ. ಇಡೀ ಕಮಲಾಪುರ ಬಾಯಿ ತಕ್ಕೊಂಡು ನೋಡ್ಬೇಕು, ಹಂಗ ಬರ್ತೀನಿ!" ಎಂದುಬಿಟ್ಟ.

ದೌಲಪ್ಪ ಮೂರ್ಖನಲ್ಲ. ಮೂರ್ಖನಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ; ಮೂರ್ಖರು ಬಂಡಿಯನ್ನು ಬಂಡಿಯ ಹಾಗೆಯೇ ಬಿಡುತ್ತಾರೆ. ಇವನು ಹಳೆಯದೊಂದು ಸಣ್ಣ ಬಂಡಿ ಕೊಂಡು ಅಂಗಳದಲ್ಲಿ ನಿಲ್ಲಿಸಿ, ತಾನೇ ಉಳಿ ಸುತ್ತಿಗೆ ಹಿಡಿದು ಅದನ್ನು ಮನೆ ಮಾಡತೊಡಗಿದ. ಬಿದಿರಿನ ಕಮಾನು ಕಟ್ಟಿ ತಾಡಪತ್ರಿ ಹೊದಿಸಿದ. ಒಳಗೆ ಮಲಗುವ ಹಲಗೆ, ಅದರ ಕೆಳಗೆ ಬಟ್ಟೆಯ ಪೆಟ್ಟಿಗೆ, ಹಿಂದೆ ಕೆಳಕ್ಕೆ ಬಿಟ್ಟರೆ ಅಡುಗೆಕಟ್ಟೆಯಾಗುವ ಮಡಚು ಹಲಗೆ. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಓಣಿ ಎಂಬುದೊಂದು ಇದೆಯಲ್ಲ!

ಪಕ್ಕದ ಮನೆಯ ಮುಕುಂದರಾಯರು ಮೂಗಿಗೆ ನಶ್ಯ ಏರಿಸುತ್ತ ಬಂದು, "ಅರೆ ದೌಲಪ್ಪಾ, ಕಲ್ಲಿನ ಹಾದಿಗಿ ಈ ಗಾಲಿ ಎಲ್ಲಿ ಸಾಕಾಗ್ತಾವ? ಎತ್ತರದ ಗಾಲಿ ಹಾಕು. ಕೆಳಗ ಟಾಂಗಾದ ಕಮಾನುಪಟ್ಟಿ ಕೂಡಸು. ಹಾಸಿಗಿ ಮ್ಯಾಲ ಮಲಗಿದಂಗ ಹೋಗ್ತೀ" ಎಂದರು. ಹಾಕಿದ. ಅವರ ಹೆಂಡತಿ ಸಕ್ಕೂಬಾಯಿ, "ಗುಡ್ಡದಾಗ ನೀರಿಗೇನು ಮಾಡ್ತೀರಿ? ಪೀಪಾಯಿ ಇಡ್ರಿ. ಬೀಸೂ ಕಲ್ಲೂ ಇರಲಿ, ಹಿಟ್ಟು ತೀರಿದ್ರ?" ಎಂದರು. ಇಟ್ಟ. ಎದುರು ಮನೆಯ ಭೀಮಬಾಯಿ ಇಣುಕಿ, "ತೊಟ್ಟಿಲಕ್ಕ ಒಂದು ಕೊಂಡಿ ಹಾಕ್ರೆಪಾ" ಎಂದಳು. ದೌಲಪ್ಪನ ಕಡೆಯ ಮಗನಿಗೆ ಆಗಲೇ ಹಲ್ಲು ಬೀಳುತ್ತಿದ್ದವು. "ಮುಂದ ಬೇಕಾಗ್ತದ" ಎಂದು ಭೀಮಬಾಯಿ ನಕ್ಕಾಗ ಶಿವಕಾಂತಮ್ಮ ದಡಾರನೆ ಬಾಗಿಲು ಹಾಕಿಕೊಂಡಳು. ಕೊಂಡಿಯನ್ನಂತೂ ಹಾಕಿದ್ದಾಯಿತು.

ಹೀಗೆ ತಯಾರಾದ ಬಂಡಿ, ನೋಡುವುದಕ್ಕೆ ಆನೆಯ ಅಂಗಿ ತೊಟ್ಟ ಆಡಿನ ಹಾಗಿತ್ತು. ಶಿವಕಾಂತಮ್ಮ ಮಕ್ಕಳನ್ನು ಕರೆದುಕೊಂಡು ಬಂದು ಒಳಗೆ ಇಣುಕಿದಳು. ಮತ್ತೆ ಇಣುಕಿದಳು.

"ರೀ, ನಾವೆಲ್ಲಿ ಕೂಡಬೇಕು?"

"ಅಲ್ಲೇ... ಪೀಪಾಯಿ ಬಾಜೂಕ..."

"ಪೀಪಾಯಿ ಬಾಜೂಕ ಒಲಿ ಅದ. ಒಲಿ ಬಾಜೂಕ ಬೀಸೂ ಕಲ್ಲದ. ಹಲಗಿ ಮ್ಯಾಲ ಒಬ್ಬರು ಮಲಗಬಹುದು, ಅದೂ ಉಸಿರು ಹಿಡಕೊಂಡು. ಹೆಂಡ್ರು ಮಕ್ಕಳನ್ನ ಕೊಂಡಿಗಿ ತೂಗು ಹಾಕ್ತೀರೇನು?"

ಓಣಿ ಗೊಳ್ಳೆಂದಿತು. ದೌಲಪ್ಪನ ಕಿವಿ ಕೆಂಪಾದವು. ಭೀಮಬಾಯಿಯ ಗಂಡ ಹತ್ತಿಕಾಳಿನ ಚೀಲ ಹೇರಿಕೊಂಡು ಅದೇ ಹಾದಿಯಲ್ಲಿ ಹೊರಟಿದ್ದ. ಶಿವಕಾಂತಮ್ಮ ಮಕ್ಕಳನ್ನು ಆ ಚೀಲಗಳ ಮೇಲೆ ಹತ್ತಿಸಿ ತಾನೂ ಹತ್ತಿದಳು. "ನೀವೂ ನಿಮ್ಮ ಬೀಸೂ ಕಲ್ಲೂ ಕೂಡಿ ಆರಾಮ ಬರ್ರಿ" ಎಂದಳು.

ಆದರೂ ದೌಲಪ್ಪ ಧೈರ್ಯ ಬಿಡಲಿಲ್ಲ. ಹೆಂಡತಿ ಯಾವುದರಲ್ಲಾದರೂ ಬರಲಿ, ತಾನು ಸ್ವಂತ ಬಂಡಿಯಲ್ಲಿ ಸೂಗಪ್ಪನ ಮನೆಯ ಮುಂದೆ ಇಳಿದರೆ ಮಾತು ಉಳಿಯಿತು. ಅಂಗಡಿಯ ಸೇಠನಿಂದ ಕೇಳಿ ತಂದ ಎತ್ತುಗಳನ್ನು ಹೂಡಿದ. ಕಮಲಾಪುರದ ಕೆಂಪು ಬಾಳೆಹಣ್ಣಿನ ಆಸೆಗೆ ಮುಕುಂದರಾಯರೂ ಮುಂದೆ ಏರಿ ಕುಳಿತರು.

ಜಗತ್ ಓಣಿ ದಾಟುವಷ್ಟರಲ್ಲೇ ಟಾಂಗಾದ ಕಮಾನುಪಟ್ಟಿ ತನ್ನ ಗುಣ ತೋರಿಸಿತು. ಬಂಡಿ ಮುಂದೆ ಹೋದದ್ದಕ್ಕಿಂತ ಮೇಲೆ ಕೆಳಗೆ ಹೋದದ್ದೇ ಹೆಚ್ಚು. ತಾವರಗೇರಾದ ಹತ್ತಿರ ಕಲ್ಲೊಂದಕ್ಕೆ ಗಾಲಿ ಏರಿದಾಗ ಎದುರಿನಿಂದ ಬಂದ ಬಂಡಿಯವನೊಬ್ಬ ಕೂಗಿದ: "ಹುಷಾರ್ ರೀ! ಮುಂದ ಸರ್ಕಾರಿ ಚಪರಾಸಿ ನಿಂತಾನ. ದೊಡ್ಡ ಸಾಹೇಬರ ದೌರಾ ಅದ. ಒಂದೊಂದು ಬಂಡೀನೂ ತಡದು ಒಳಗ ಇಣಕಿ ನೋಡಾಕತ್ತಾನ!"

ದೌಲಪ್ಪ ಹಗ್ಗ ಜಗ್ಗಿ ಬಂಡಿ ನಿಲ್ಲಿಸಿದ. ಸಾಹೇಬರು ದೌರೆಗೆ ಹೊರಟರೆಂದರೆ ಹಾದಿಯ ಮೇಲಿನ ಬಂಡಿಗಳೆಲ್ಲ ಅವರವೇ. ಡೇರೆ, ಕುರ್ಚಿ, ಕೋಳಿ, ಎಲ್ಲ ಹೇರಿಕೊಂಡು ಊರೂರು ತಿರುಗಿ, ದೌರಾ ಮುಗಿದ ಮೇಲೆ ಬಂಡಿ ಮರಳಿ ಬಂದರೆ ಪುಣ್ಯ.

"ನನ್ನಂಥ ಬಂಡಿ ಕಂಡ್ರ ಬಿಡ್ತಾನೇನ್ರಿ ರಾಯರ?"

"ಹ್ಯಾಂಗ ಬಿಟ್ಟಾನು? ಆದರ ಒಂದದ. ಪರದಾ ಇದ್ದ ಬಂಡೀಗಿ ಯಾವ ಚಪರಾಸೀನೂ ಕೈ ಹಚ್ಚಂಗಿಲ್ಲ. ಒಳಗ ಜನಾನಾ ಅದ ಅಂದ್ರ ಸಲಾಮು ಹೊಡದು ಬಿಡ್ತಾನ."

ರಾಯರು ಹಾಸಿಗೆಯ ಜಮಖಾನೆಯನ್ನು ಹಿಂದೆ ಮುಂದೆ ಕಟ್ಟಿ ಪರದೆ ಮಾಡಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರಾಯರ ತಲೆ ಒಮ್ಮೆ ಓಡಲು ಶುರುವಾದರೆ ಎತ್ತಿಗಿರುವಂತೆ ಅದಕ್ಕೆ ಮೂಗುದಾರವಿಲ್ಲ. "ಬರೇ ಪರದಾ ಸಾಲಂಗಿಲ್ಲ. ಕೆಳಗಿನ ಸಂದಿಯಿಂದ ಕಾಲು ಕಾಣ್ತಾವ. ಹೆಂಗಸಿನ ಕಾಲು ಕಾಣಬೇಕು. ನಿನ್ನ ಹೆಂಡ್ತಿ ಸೀರಿ ಪೆಟ್ಟಿಗ್ಯಾಗ ಅದ ಅಲ್ಲ?"

"ಶಿವ ಶಿವಾ! ರಾಯರ, ನಾ ಗಂಡಸು!"

"ಬಂಡಿ ಬೇಕೋ, ಗಂಡಸುತನ ಬೇಕೋ ಲಗೂನ ಹೇಳು. ಚಪರಾಸಿ ಕಾಣಾಕತ್ತಾನ."

ದೌಲಪ್ಪ ಬಂಡಿ ಬೇಕೆಂದ. ತವರಿಗೆ ಉಟ್ಟುಕೊಂಡು ಹೋಗಲೆಂದು ಶಿವಕಾಂತಮ್ಮ ಮಡಿಚಿಟ್ಟ ಹಸಿರು ಸೀರೆ ಹೊರಗೆ ಬಂತು. ಧೋತರದ ಅಂಚು ಸೀರೆಯ ಕೆಳಗೆ ಇಣುಕಿದ್ದರಿಂದ ಧೋತರ, ಅಂಗಿ, ರುಮಾಲು ಮೂರೂ ಪೆಟ್ಟಿಗೆ ಸೇರಿದವು. ರಾಯರು ಎತ್ತಿನ ಕೊರಳ ಗೆಜ್ಜೆ ಬಿಚ್ಚಿ ಅವನ ಕಾಲಿಗೆ ಕಟ್ಟಿದರು. ಮೀಸೆಯ ಮೇಲೆ ಸೆರಗು ಎಳೆದುಕೊಂಡು, ನೀರಿನ ಪೀಪಾಯಿಯನ್ನು ತಬ್ಬಿ ಕುಳಿತ ದೌಲಪ್ಪನಿಗೆ ತಾಯಿ ತನ್ನನ್ನು ಯಾಕಾದರೂ ಹೆತ್ತಳೋ ಎನಿಸಿತು.

"ಠೈರೋ! ಅಂದರ್ ಯಾರದಾರ?"

ಚಪರಾಸಿ ಸಿಕಂದರ್ ಬೆಲ್ಟಿನ ಬಿಲ್ಲೆ ಹೊಳೆಸುತ್ತ ಅಡ್ಡ ನಿಂತ. ರಾಯರು ಗಂಟಲು ಸರಿಮಾಡಿಕೊಂಡು, "ಜನಾನಾ. ನಮ್ಮ ಅತ್ತಿಯವರು" ಎಂದರು.

ಸಿಕಂದರ್ ಬಗ್ಗಿ ಕಾಲು ನೋಡಿದ, ಗೆಜ್ಜೆ ಕೇಳಿದ, ಅವನ ಮುಖ ಅರಳಿತು. "ಪರದಾ ಬಂಡಿ! ಸುಭಾನಲ್ಲಾ! ಚಲೋ, ನಡೀರಿ, ನಾನೂ ಸಂಗಡ ಬರ್ತೀನಿ!"

ಹಾಗೆಂದವನು ಬಂಡಿಯ ಮುಂದೆ ನಡೆಯತೊಡಗಿದ. ಎದುರಿನ ಬಂಡಿಗಳನ್ನೆಲ್ಲ "ಹಟೋ! ಜನಾನಾ ಆ ರಹಾ ಹೈ!" ಎಂದು ಹೊಲಕ್ಕೆ ಇಳಿಸಿದ. ರಾಯರು ಪರದೆಗೆ ಬಾಯಿ ತಾಗಿಸಿ, "ನೋಡು, ಮರ್ಯಾದಿ ಹ್ಯಾಂಗ ಸಿಗಾಕತ್ತದ!" ಎಂದು ಪಿಸುಗುಟ್ಟಿದರು. ಒಳಗಿನಿಂದ ಹಲ್ಲು ಕಡಿಯುವ ಸದ್ದು ಬಂತು.

ಕುಲುಕಾಟಕ್ಕೆ ಖಾರಪುಡಿಯ ಗಂಟು ಬಿಚ್ಚಿಕೊಂಡು ದೌಲಪ್ಪನ ಮೂಗಿಗೆ ಏರಿದ್ದು ಆಮೇಲೆ. ಅವನು ಸೀನಿದ ರಭಸಕ್ಕೆ ಎತ್ತುಗಳು ಬೆದರಿದವು. ಸಿಕಂದರ್ ಹೌಹಾರಿ ತಿರುಗಿದ.

"ನಮ್ಮ ಅತ್ತಿ ಭಾಳ ಖಡಕ್ ಹೆಂಗಸ್ರಿ" ಎಂದರು ರಾಯರು.

"ಪಾಪ, ನೀರು ಕುಡೀಲಿ" ಎಂದು ಸಿಕಂದರ್ ಮುಖ ತಿರುಗಿಸಿಕೊಂಡೇ ತನ್ನ ತಂಬಿಗೆಯನ್ನು ಪರದೆಯೊಳಗೆ ಚಾಚಿದ. ಕರಡಿಯಂಥ ಕೈಯೊಂದು ಅದನ್ನು ಕಸಿದುಕೊಂಡಿತು. ಸಿಕಂದರ್‌ನಿಗೆ ಆ ಕೈ ಕಾಣಲಿಲ್ಲ. ದೇವರು ದೊಡ್ಡವನು. ಆದರೆ ಮಹಾಗಾಂವದ ಬಾವಿಯ ಹತ್ತಿರ ಬರುವ ಹೊತ್ತಿಗೆ ಆ ದೇವರಿಗೂ ಸಾಕಾಗಿರಬೇಕು.

ಅಲ್ಲಿ ಹತ್ತಿಕಾಳಿನ ಬಂಡಿ ಎತ್ತುಗಳಿಗೆ ನೀರು ಕುಡಿಸಲು ನಿಂತಿತ್ತು. ಶಿವಕಾಂತಮ್ಮ ಗಂಡನ ಬಂಡಿ ಗುರುತಿಸಿ ಹತ್ತಿರ ಬಂದಳು. ಗಂಡ ಕಾಣಲಿಲ್ಲ. ಕಂಡದ್ದು ಪರದೆ, ಪರದೆಯ ಕೆಳಗೆ ತನ್ನ ಹಸಿರು ಸೀರೆಯ ಅಂಚು, ಅಂಚಿನ ಕೆಳಗೆ ಗೆಜ್ಜೆ ಕಟ್ಟಿದ ಕಾಲು.

"ರಾಯರ, ಒಳಗ ಯಾವಾಕಿ ಅದಾಳ?"

ಸಿಕಂದರ್ ಪಕ್ಕದಲ್ಲೇ ನಿಂತಿದ್ದ. ರಾಯರು ಬೆವರಿದರು. "ಅವರು... ನಮ್ಮ ಅತ್ತಿ."

"ನಿಮ್ಮತ್ತಿ ಸತ್ತು ಸಕ್ಕೂಬಾಯಿ ಹೋದ ವರ್ಷ ಅತ್ತಾರಲ್ರಿ! ನನ್ನ ಸೀರಿ ಉಟ್ಟು, ಕಾಲಿಗಿ ಗೆಜ್ಜಿ ಕಟಗೊಂಡು, ನನ್ನ ಗಂಡನ ಬಂಡ್ಯಾಗ... ಅದಕ್ಕೇ ನನಗ ಜಾಗಾ ಇರಲಿಲ್ಲೇನು?"

ಒಳಗೆ ದೌಲಪ್ಪ "ನಾನೇ ಅದೀನಿ" ಎನ್ನಲು ಬಾಯಿ ತೆರೆದು, ಚಪರಾಸಿಯನ್ನು ನೆನೆದು ಮುಚ್ಚಿದ. ಆ ಒಂದು ಗಳಿಗೆಯಲ್ಲಿ ಅವನು ಪಟ್ಟ ಸಂಕಟ ಹೆರಿಗೆ ಬೇನೆಗೆ ಕಡಿಮೆಯದಲ್ಲ. ಶಿವಕಾಂತಮ್ಮ ಕಣ್ಣೊರೆಸಿಕೊಂಡು ಹತ್ತಿಕಾಳಿನ ಚೀಲ ಏರಿ, "ಹೊಡೀರಿ ಬಂಡಿ! ನಮ್ಮಣ್ಣಗ ಹೇಳ್ತೀನಿ!" ಎಂದಳು. ಆ ಬಂಡಿ ಮುಂದೆ ಓಡಿತು. ಒಳಗಿನವಳು ಯಾರ ಅತ್ತೆಯಾದರೆ ತನಗೇನು ಎಂಬಂತೆ ಸಿಕಂದರ್ "ಚಲೋ, ನಡೀರಿ" ಎಂದ.

ಕಮಲಾಪುರ ಇನ್ನೇನು ಬಂತು, ಬಾಳೆಯ ತೋಟಗಳು ಕಾಣುತ್ತಿವೆ ಎನ್ನುವಾಗ ಸಿಕಂದರ್ ಬೇವಿನ ಮರದ ಕೆಳಗೆ ಬಂಡಿ ನಿಲ್ಲಿಸಿದ. ಅಲ್ಲಿ ಚೆಂದದ ಕೆಂಪು ಪರದೆಯ ಬಂಡಿಯೊಂದು ಅಚ್ಚು ಮುರಿದು ಪಕ್ಕಕ್ಕೆ ಒರಗಿತ್ತು. ಅದರ ಬಳಿ ಫರೀದಾ ಎಂಬ ಮುದಿ ದಾಸಿ ಬೀಸಣಿಗೆ ಹಿಡಿದು ನಿಂತಿದ್ದಳು.

"ಸಿಕ್ಕಿತೇನೋ?" ಎಂದಳು.

"ಸಿಕ್ಕಿತು ಬುವಾ! ಮುಂಜಾನಿಂದ ಹುಡಕೀನಿ. ನೂರಾರು ಬಂಡಿ ನೋಡೀನಿ, ಎಲ್ಲಾ ತೆರದವು. ಪರದಾ ಇದ್ದದ್ದು ಇದೊಂದೇ" ಎಂದು ಸಿಕಂದರ್ ರಾಯರ ಕಡೆ ತಿರುಗಿ ಕೈ ಮುಗಿದ. "ರಾಯರ, ದೊಡ್ಡ ಸಾಹೇಬರ ಮನಿಯವರು, ನಮ್ಮ ಮೆಹರುನ್ನಿಸಾ ಬೇಗಂ ಸಾಹೇಬಾ ಹಾದ್ಯಾಗೇ ಕುಂತಾರ. ನಿಮ್ಮ ಅತ್ತಿ ಬಾಜೂಕ ಕೂಡ್ತಾರ. ಇಬ್ಬರೂ ಹೆಂಗಸರು, ಏನಾಗ್ತದ?"

ರಾಯರ ನಶ್ಯದ ಡಬ್ಬಿ ಕೈಯಿಂದ ಬಿತ್ತು. "ತೆರದ ಬಂಡಿ... ಒಂದೂ ಹಿಡೀಲಿಲ್ಲೇನು?"

"ತೆರದ ಬಂಡಿ ತಗೊಂಡು ನಾ ಏನ್ ಮಾಡ್ಲಿ? ಹಾಗೇ ಬಿಟ್ಟೀನಿ."

ಅಷ್ಟರಲ್ಲಿ ಊರ ಕಡೆಯಿಂದ ಧೂಳೆದ್ದಿತು. ಸೂಗಪ್ಪ ತನ್ನ ಬಂಡಿಯಲ್ಲಿ ಕೋಲು ಹಿಡಿದು ನಿಂತಿದ್ದ. ಹಿಂದೆ ಅಳುತ್ತಿದ್ದ ಶಿವಕಾಂತಮ್ಮ, ಅವಳ ಹಿಂದೆ ತಮಾಷೆ ನೋಡಲು ಅರ್ಧ ಕಮಲಾಪುರ. "ಎಲ್ಲಿ ಆಕಿ? ಹೊರಗ ಎಳೀರಿ!"

ಇತ್ತ ಫರೀದಾ ಎರಡೂ ಕಡೆ ಚಾದರ ಹಿಡಿಸಿ ಬೇಗಂ ಸಾಹೇಬಾರನ್ನು ಇಳಿಸುತ್ತಿದ್ದಳು. ಅವರು ಬಂಡಿಗೆ ಕೈ ಹಚ್ಚಿದರೆ ಮುಗಿಯಿತು. ಪರದೆಯ ಹೆಣ್ಣುಮಗಳ ಪಕ್ಕದಲ್ಲಿ ಗಂಡಸು ಸೀರೆ ಉಟ್ಟು ಕುಳಿತದ್ದು ಗೊತ್ತಾದರೆ ತನ್ನ ತಲೆ ಹೋಗುವುದು ಹಾಗಿರಲಿ, ಪಾಪ ಆ ತಾಯಿಯ ಮಾನಕ್ಕೇನು ಗತಿ? ದೌಲಪ್ಪ ಕಣ್ಣು ಮುಚ್ಚಿ, ಮುಂದಿನ ಪರದೆ ಸೀಳಿ ಜಿಗಿದ.

ಗೆಜ್ಜೆ ಝಲ್ಲೆಂದಿತು. ಸೆರಗು ಕೊಂಡಿಗೆ ಸಿಕ್ಕಿ ಜಾರಿ ಮೀಸೆ ಹೊರಗೆ ಬಂತು.

ಸೂಗಪ್ಪನ ಕೋಲು ಗಾಳಿಯಲ್ಲೇ ನಿಂತಿತು. ಆಮೇಲೆ ಯಾರೋ ಒಬ್ಬ ನಕ್ಕ, ಇಡೀ ಕಮಲಾಪುರ ನಕ್ಕಿತು. ನಗದೆ ನಿಂತವಳು ಶಿವಕಾಂತಮ್ಮ ಒಬ್ಬಳೇ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗಂಡ ಇನ್ನೊಬ್ಬಳನ್ನು ಕರೆದುಕೊಂಡು ಬಂದಿದ್ದರೇ ವಾಸಿಯಿತ್ತೆಂದು ಆಗ ಅವಳಿಗೆ ಅನಿಸಿದ್ದು ಸುಳ್ಳಲ್ಲ.

ಸಿಕಂದರ್ ಮಾತ್ರ ಕೆಲಸದ ಮನುಷ್ಯ. ದೌಲಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರ ಒಳಗ ಯಾರೂ ಇಲ್ಲ. ಪೂರಾ ಬಂಡಿ ಖಾಲಿ ಅದ!" ಎಂದು ಸಂತೋಷದಿಂದ ಕೂಗಿದ. ಚಾದರದ ಮರೆಯಲ್ಲಿ ಬೇಗಂ ಸಾಹೇಬಾ ಹತ್ತಿದರು. ಪರದೆಯೊಳಗಿನಿಂದ ಮೆಲ್ಲಗೆ ಮಾತು ಕೇಳಿತು. ಫರೀದಾ ಹೊರಗೆ ಸಾರಿದಳು: "ಬೇಗಂ ಸಾಹೇಬಾರಿಗಿ ಭಾಳ ಪಸಂದ್ ಆಗ್ಯಾದ. ನೀರದ, ಒಲಿ ಅದ, ಮಲಗಾಕ ಹಲಗಿ ಅದ. ದೌರಾ ಮುಗಿಯೂತನಕ ಇದೇ ಇರಲಿ ಅಂತಾರ."

ಬೇಗಂ ಸಾಹೇಬಾರ ಬಂಡಿಯವನು ಹಗ್ಗ ಹಿಡಿದ, ಎತ್ತುಗಳು ಹೆಜ್ಜೆ ಎತ್ತಿದವು. ಆಗ ದೌಲಪ್ಪನಿಗೆ ನೆನಪಾಯಿತು.

"ನನ್ನ ಧೋತರ! ಪೆಟ್ಟಿಗ್ಯಾಗ ನನ್ನ ಧೋತರ ಅದ!" ಎಂದು ಬಂಡಿಯ ಹಿಂದೆ ಓಡಿದ.

ಸಿಕಂದರ್ ಕೋಲು ಅಡ್ಡ ಹಿಡಿದ. "ಶರಮ್ ಇಲ್ಲೇನೋ? ಒಳಗ ಜನಾನಾ ಅದ!"

ಬಂಡಿ ಬಾಳೆ ತೋಟದ ತಿರುವಿನಲ್ಲಿ ಮರೆಯಾಯಿತು. ಕಲ್ಲಿನ ಹಾದಿಯ ಮೇಲೆ ಹಾಸಿಗೆಯ ಮೇಲೆ ಹೋದಂತೆ ಹೋಗುತ್ತಿತ್ತು. ಭಾರದ ಆಳು ಇಳಿದಿದ್ದನಲ್ಲ. ಮುಕುಂದರಾಯರು ಇವರ್ಯಾರನ್ನೂ ಬಲ್ಲವರಲ್ಲ ಎಂಬಂತೆ ದೂರ ನಿಂತು ಬಾಳೆಹಣ್ಣಿನ ದರ ಕೇಳುತ್ತಿದ್ದರು.

ದೌಲಪ್ಪ ರಸ್ತೆಯ ನಡುವೆ ಹಸಿರು ಸೀರೆಯಲ್ಲಿ ನಿಂತಿದ್ದ. ಸೂಗಪ್ಪ ಬಂಡಿಯನ್ನು ಅವನ ಪಕ್ಕಕ್ಕೆ ತಂದು, ಕೋಲು ಕೆಳಗಿಟ್ಟು, ಒಳಗೆ ಹಾಸಿದ ಕಂಬಳಿಯನ್ನು ಕೈಯಿಂದ ಜಾಡಿಸಿದ. ಆಮೇಲೆ ಊರ ಕಡೆ ತಿರುಗಿ, ಮನೆಯವರಿಗೆಲ್ಲ ಕೇಳುವ ಹಾಗೆ ಗಂಟಲು ಬಿಚ್ಚಿದ:

"ಆರತಿ ತಟ್ಟಿ ತರ್ರಿ! ಉಡಿ ತುಂಬಾಕ ಅಕ್ಕಿ ತರ್ರಿ! ಸಣ್ಣ ತಂಗಿ ತವರಮನಿಗಿ ಬಂದಾಳ!"

ದೌಲಪ್ಪ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಬಂಡಿ ಹತ್ತಿದ.