ಆಷಾಢಕ್ಕೆಂದು ಹೋದ ಎರಡನೆಯ ಬ್ಯಾಟರಿಗೆ

ಮೂಡಲಪಾಳ್ಯದ ನಮ್ಮ ಮನೆಗೆಂದೇ ಬಂದು, ಸದ್ಯ ಉಲ್ಲಾಳದಲ್ಲಿ ಬೀಡುಬಿಟ್ಟಿರುವ ಸೋಲಾರಿನ ಎರಡನೆಯ ಬ್ಯಾಟರಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಅನಂತ ನಮಸ್ಕಾರಗಳು. ತಾವು ಅಲ್ಲಿ ಸುಖವಾಗಿದ್ದೀರಿ, ತಮ್ಮೊಳಗಿನ ನೀರು ಗೆರೆಗೆ ಸರಿಯಾಗಿದೆ, ಹೊತ್ತುಹೊತ್ತಿಗೆ ಚಾರ್ಜು ಸೇವನೆಯಾಗುತ್ತಿದೆ ಎಂಬ ವಾರ್ತೆಯನ್ನು ಬಂಧುಬಳಗದವರಿಂದ ಕೇಳಿ ಪರಮಾನಂದವಾಯಿತು. ಪತ್ರದ ಈ ಜಾಗದಲ್ಲಿ ‘ಇಲ್ಲಿ ನಾವೆಲ್ಲರೂ ಕ್ಷೇಮ’ ಎಂದು ಬರೆಯುವುದು ವಾಡಿಕೆ. ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಪತ್ರಲೇಖನ ಹೇಳಿಕೊಡುವ ನಾನೂ ಹಾಗೇ ಬರೆಸುತ್ತೇನೆ. ಆದರೆ ತಮ್ಮಂಥ ಗಣ್ಯರೆದುರು ಸುಳ್ಳಾಡಲು ಮನಸ್ಸು ಬಾರದೆ, ಆ ಒಂದು ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದೇನೆ.

ತಮಗೆ ನನ್ನ ನೆನಪಿರಲಾರದು, ಅದು ತಮ್ಮ ತಪ್ಪೂ ಅಲ್ಲ, ಏಕೆಂದರೆ ತಾವು ನಮ್ಮ ಮನೆಯಲ್ಲಿ ಇದ್ದದ್ದೇ ಒಂದು ಮಧ್ಯಾಹ್ನ. ನಾನು ಶಿಲ್ಪಾ, ಆ ಮನೆಯ ಸೊಸೆ. ತಾವು ಆಟೋದಿಂದ ಇಳಿಯುವಾಗ ಗೇಟು ಹಿಡಿದು ನಿಂತಿದ್ದವಳು ನಾನು. ಬೆನ್ನು ಹಿಡಿದುಕೊಂಡು ‘ಅಯ್ಯಪ್ಪಾ’ ಎಂದವರು ನನ್ನ ಯಜಮಾನರಾದ ನಾಗರಾಜು. ನಡುಮನೆಯಲ್ಲಿ ಮಂಚದ ಮೇಲೆ ಕೂತು, ಮೂಗಿಗೆ ಸಣ್ಣ ಕೊಳವೆ ಹಾಕಿಕೊಂಡು, ತಮ್ಮನ್ನು ಮೇಲಿಂದ ಕೆಳಗಿನವರೆಗೆ ಹೆಣ್ಣು ನೋಡುವವರ ಹಾಗೆ ನೋಡಿದವರು ನನ್ನ ಅತ್ತೆ ಚಿಕ್ಕಲಕ್ಷ್ಮಮ್ಮನವರು. ತಾವು ಬಂದದ್ದು ಆ ಕೊಳವೆಗಾಗಿ ಎಂಬುದನ್ನು ತಮಗೆ ಯಾರೂ ಹೇಳಿದಂತಿಲ್ಲ, ಆದ್ದರಿಂದ ನಾನೇ ಅರಿಕೆ ಮಾಡಿಕೊಳ್ಳುತ್ತೇನೆ.

ಅತ್ತೆಯವರು ಹರೆಯದಿಂದ ಸೌದೆ ಒಲೆಯ ಮುಂದೆ ಕೂತು ಊರಿಗೆಲ್ಲ ಮುದ್ದೆ ಬೇಯಿಸಿದವರು. ಆ ಹೊಗೆಯೆಲ್ಲ ಈಗ ಎದೆಯಲ್ಲಿ ಕೂತು ಲೆಕ್ಕ ಕೇಳುತ್ತಿದೆ. ಆಕ್ಸಿಜನ್ ಮಿಷನ್ನು ಹಚ್ಚಿಕೊಂಡೇ ಇರಬೇಕು, ಅದು ನಿಲ್ಲುವ ಹಾಗಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಮಿಷನ್ನಿಗೆ ಕರೆಂಟು ಬೇಕು, ಕರೆಂಟಿಗೆ ನಮ್ಮ ಏರಿಯಾದ ಮರಗಳ ದಯೆ ಬೇಕು. ಮಹಡಿಯ ಮೇಲೆ ಸೋಲಾರ್ ಇದೆ ನಿಜ, ಬಿಸಿಲಿದ್ದರೆ ಅದು ರಾಜನ ಹಾಗೆ ದುಡಿಯುತ್ತದೆ, ಆದರೆ ಮೋಡ ಕವಿದ ಮೇಲೆ ಎಲ್ಲವೂ ಬ್ಯಾಟರಿಯ ಪಾಲಿಗೆ ಬರುತ್ತದೆ. ನಮ್ಮ ಮೊದಲನೆಯ ಬ್ಯಾಟರಿಯವರಿಗೋ ವಯಸ್ಸಾಗಿದೆ. ಕರೆಂಟು ಹೋದ ಸ್ವಲ್ಪ ಹೊತ್ತಿಗೇ ಕುಂಯ್ ಕುಂಯ್ ಎಂದು ಶುರುಮಾಡುತ್ತಾರೆ, ಆಮೇಲೆ ಮಿಷನ್ನೂ ಅವರ ಜೊತೆ ರಾಗ ಎಳೆಯುತ್ತದೆ. ಆ ಎರಡು ಸದ್ದು ಒಟ್ಟಿಗೆ ಕೇಳಿದರೆ ನಾನು ಕೈಯಲ್ಲಿದ್ದುದನ್ನು ಬಿಟ್ಟು ಮಂಚದ ಬಳಿಗೆ ಓಡುತ್ತೇನೆ. ಹೀಗಾಗಿ ತಮ್ಮನ್ನು ಕರೆತಂದೆವು.

ತಮ್ಮನ್ನು ಒಪ್ಪಿಸಲು ಬಂದ ವಿಜಯನಗರದ ಸೋಲಾರ್ ಅಂಗಡಿಯ ಮಂಜುನಾಥ್ ಅವರು ಅಂದು ಆಡಿದ ಒಂದು ಮಾತೇ ಈ ಪತ್ರಕ್ಕೆ ಮೂಲ. ‘ಹಳೇ ಬ್ಯಾಟರಿಗೆ ಹೊಸದನ್ನ ನೇರವಾಗಿ ಸೇರಿಸಬಾರ್ದು ಮೇಡಂ, ಹಳೇದು ಹೊಸದನ್ನ ತನ್ನ ಮಟ್ಟಕ್ಕೆ ಎಳ್ಕೊಂಡ್ಬಿಡತ್ತೆ. ಎರಡನ್ನೂ ಬೇರೆಬೇರೆ ಚಾರ್ಜ್ ಮಾಡೋ ಒಂದು ಬಾಕ್ಸ್ ಬರಬೇಕು, ಅಲ್ಲೀತನಕ ಬೇರೆಬೇರೆ ಇಟ್ಟಿರಿ’ ಎಂದು ಅವರು ಹೇಳಿದ್ದು ನನಗೆ ಮತ್ತು ನಾಗರಾಜು ಅವರಿಗೆ. ಕೇಳಿಸಿಕೊಂಡವರು ಅತ್ತೆ. ಅಂದು ಆಷಾಢ ಕಾಲಿಟ್ಟು ಇನ್ನೂ ಹಸಿಹಸಿ. ನಮ್ಮಲ್ಲಿ ಮದುವೆಯಾದ ಮೊದಲ ಆಷಾಢಕ್ಕೆ ಸೊಸೆಯನ್ನು ತವರಿಗೆ ಕಳಿಸುತ್ತಾರೆ, ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟುವಂತಿಲ್ಲ ಎಂಬುದು ತಾವು ಕೇಳಿರಬಹುದಾದ ಸಂಗತಿ. ಅತ್ತೆಯವರು ಮಂಜುನಾಥ್ ಅವರ ಮಾತಿಗೆ ತಲೆದೂಗಿ, ‘ಅದೇ ನಾನೂ ಅಂದ್ಕಂಡೆ. ಹಳೇದೂ ಹೊಸ್ದೂ ಆಷಾಢದಾಗೆ ಒಂದೇ ಸೂರಿನಡಿ ಇರಬಾರ್ದು’ ಎಂದು ತೀರ್ಪು ಕೊಟ್ಟರು.

ಬೇರೆ ಇಡುವುದೆಂದರೆ ಒಂದು ಬಚ್ಚಲ ಪಕ್ಕ, ಒಂದು ಮೆಟ್ಟಿಲ ಕೆಳಗೆ ಎಂದು ನಾನು ವಿವರಿಸಿದೆ. ಮಂಜುನಾಥ್ ಅವರೂ ಪಾಪ, ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಿಡಿಸಿ ಹೇಳಿದರು. ಅತ್ತೆಯವರು ಕೊಳವೆಯನ್ನು ಸರಿಮಾಡಿಕೊಂಡು, ‘ನನ್ನ ಉಸುರಿನ ವಿಷ್ಯ ಕಣಪ್ಪ, ನಿಂದಲ್ಲ. ಒಂದು ತಿಂಗ್ಳು ತಡಕಂಡ್ರೆ ಏನ್ ಗಂಟು ಹೋಗ್ತದೆ’ ಎಂದರು. ಉಸಿರಿನ ಮಾತು ಬಂದ ಮೇಲೆ ನಮ್ಮ ಮನೆಯಲ್ಲಿ ಯಾರೂ ತಿರುಗಿ ಮಾತಾಡುವುದಿಲ್ಲ. ನಾಗರಾಜು ಅವರು ತಮ್ಮ ಜೀವಮಾನದ ಸಿದ್ಧಾಂತವಾದ ‘ಹೋಗ್ಲಿ ಬಿಡು’ ಎಂಬುದನ್ನು ಹೇಳಿ ಮತ್ತೊಮ್ಮೆ ಬೆನ್ನು ಬಗ್ಗಿಸಿದರು. ಅಂಗಡಿಯಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ ಎಂದು ಮಂಜುನಾಥ್ ಅವರು ಹೇಳಿದರು. ಹೀಗೆ ತಾವು ಅತ್ತೆಯವರ ಮಗಳು, ನನ್ನ ನಾದಿನಿ, ರಮ್ಯಶ್ರೀಯ ಉಲ್ಲಾಳದ ಮನೆಗೆ ಒಂದು ತಿಂಗಳ ಮಟ್ಟಿಗೆ ಪ್ರಯಾಣ ಬೆಳೆಸುವುದು ನಿಶ್ಚಯವಾಯಿತು.

ಇಲ್ಲಿಯವರೆಗೆ ಕೆಟ್ಟದ್ದೇನೂ ಆಗಿರಲಿಲ್ಲ, ಸ್ವಾಮಿ. ಆದದ್ದು ಹೊರಡುವ ಗಳಿಗೆಯಲ್ಲಿ. ಮಗಳ ಮನೆಗೆ ಹೋಗುವ ಹೊಸ ವಸ್ತುವನ್ನು ಬರಿದಾಗಿ ಕಳಿಸಬಾರದೆಂದು ಅತ್ತೆಯವರು ತಮಗೆ ಅರಿಶಿಣ ಕುಂಕುಮ ಹಚ್ಚಿದರು, ತಲೆಯ ಮೇಲೆ ರವಿಕೆ ಕಣ ಹೊದೆಸಿದರು, ಅದರ ಮೇಲೆ ತೆಂಗಿನಕಾಯಿ, ಎಲೆ ಅಡಿಕೆ, ಒಂದು ಅಚ್ಚು ಬೆಲ್ಲ ಇಟ್ಟರು. ತಮ್ಮ ಪ್ಲಸ್ಸಿಗೂ ಮೈನಸ್ಸಿಗೂ ಸಮನಾಗಿ ಹೂವು ಮುಡಿಸಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮೊದಲ ಆಷಾಢದಲ್ಲಿ ಇಷ್ಟೊಂದು ಉಪಚಾರ ನಡೆದ ನೆನಪು ನನಗಿಲ್ಲ. ನನಗೆ ಬಸ್ಸಿಗೆ ಹೊತ್ತಾಯಿತು ಎಂದಿದ್ದರು.

ಉಲ್ಲಾಳದಲ್ಲಿ ತಮ್ಮನ್ನು ಇಳಿಸಿಕೊಂಡ ರಮ್ಯಶ್ರೀಯ ಕಣ್ಣಲ್ಲಿ ನೀರು ಬಂತಂತೆ. ಅವರ ಮನೆಯ ಇನ್ವರ್ಟರಿನ ಬ್ಯಾಟರಿ ಹೊಟ್ಟೆ ಉಬ್ಬಿಕೊಂಡು ಸತ್ತು ಎಷ್ಟೋ ದಿನವಾಗಿತ್ತು, ಅದನ್ನು ಆಕೆ ತಾಯಿಗೆ ಫೋನಿನಲ್ಲಿ ಹೇಳಿಕೊಂಡಿದ್ದಳು. ತವರಿಂದ ಅರಿಶಿಣ ಕುಂಕುಮ ಹಚ್ಚಿಸಿಕೊಂಡು, ಕಾಯಿ ಬೆಲ್ಲ ಹೊತ್ತುಕೊಂಡು ಬ್ಯಾಟರಿ ಬಂದರೆ ಯಾವ ಹೆಣ್ಣುಮಗಳು ತಾನೇ ಅದನ್ನು ಉಡುಗೊರೆಯಲ್ಲ, ಒಂದು ತಿಂಗಳು ಇಟ್ಟುಕೊಳ್ಳಲು ಬಂದ ಸಾಮಾನು ಎಂದುಕೊಂಡಾಳು? ನಾಗರಾಜು ಅವರಾದರೂ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಬಹುದಿತ್ತು. ಅವರು ಕಾಫಿ ಕುಡಿದು, ತಂಗಿಯ ಸಂತೋಷ ನೋಡಿ, ಹೋಗ್ಲಿ ಬಿಡು ಎಂದುಕೊಂಡು ಬಂದರು. ರಮ್ಯಶ್ರೀಯ ಗಂಡ ಯೋಗಾನಂದ ಅವರು ಅದೇ ಸಂಜೆ ತಮ್ಮನ್ನು ಕೆಲಸಕ್ಕೆ ಹಚ್ಚಿದರು.

ಅಲ್ಲಿ ತಾವು ಮಾಡುತ್ತಿರುವ ಲೋಕೋಪಕಾರವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಮ್ಮ ದಯೆಯಿಂದ ಧಾರಾವಾಹಿಯ ಒಂದು ಕಂತೂ ತಪ್ಪಿಲ್ಲ, ಚಟ್ನಿ ಎಂದೂ ಅರೆಬರೆ ರುಬ್ಬಿ ನಿಂತಿಲ್ಲ, ವೈಫೈ ಕಣ್ಣು ಮುಚ್ಚಿಲ್ಲ. ಹಾಲಿನಲ್ಲಿರುವ ಗಾಜಿನ ತೊಟ್ಟಿಯ ಬಣ್ಣದ ಮೀನುಗಳಿಗೆ ಗುಳುಗುಳು ಗಾಳಿ ಬಿಡುವ ಮೋಟಾರು ಕೂಡ ತಮ್ಮಿಂದಲೇ ನಡೆಯುತ್ತಿದೆಯಂತೆ. ಮೀನುಗಳು ಬಲು ಚುರುಕಾಗಿವೆ ಎಂದು ರಮ್ಯಶ್ರೀ ವಿಡಿಯೋ ಕಳಿಸಿದ್ದಳು. ಅತ್ತೆಯವರು ಅದನ್ನು ನೋಡಿ ಬಹಳ ಸಂತೋಷಪಟ್ಟರು. ಅವರಿಗೆ ನಗಲು ಉಸಿರು ಸಾಲದು, ಆದರೂ ನಕ್ಕರು.

ಆಷಾಢ ಮುಗಿಯಿತು. ಶ್ರಾವಣ ಬಂತು. ಮಂಜುನಾಥ್ ಅವರು ಬಾಕ್ಸನ್ನೂ ತಂದು ಗೋಡೆಗೆ ಹೊಡೆದು, ‘ಎಲ್ಲಿ ಮೇಡಂ ಬ್ಯಾಟರಿ’ ಎಂದರು. ‘ತವರಿಗೆ ಹೋಗಿದೆ’ ಎಂದೆ, ಅವರು ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ ಹೊರಟರು. ತಮ್ಮನ್ನು ಕರೆಸಿಕೊಳ್ಳೋಣವೆಂದು ನಾನು ಬಾಯಿ ಬಿಟ್ಟದ್ದೇ ತಡ, ಅತ್ತೆಯವರು ನನ್ನನ್ನು ಕಳ್ಳಿಯನ್ನು ನೋಡುವಂತೆ ನೋಡಿ, ‘ಹೆಣ್ಮಗಳಿಗೆ ಅರಿಶಿಣ ಕುಂಕುಮ ಇಟ್ಟು ಕಳ್ಸಿದ್ದನ್ನ ವಾಪಸ್ ಕೇಳ್ತಾರೇನಮ್ಮ ಯಾರಾದ್ರೂ’ ಎಂದರು. ನೀವೇ ಕಳಿಸಿದ್ದು ಒಂದು ತಿಂಗಳಿಗೆ ಅಲ್ಲವೇ ಎಂದೆ. ‘ಕಳ್ಸಿದ್ದು ತಿಂಗಳಿಗೇ. ಅವ್ಳು ಈಸ್ಕಂಡಿದ್ದು ಹಂಗಲ್ವಲ್ಲ’ ಎಂದರು. ನಾಗರಾಜು ಅವರನ್ನು ಕೇಳಿದೆ, ಗೌರಿ ಹಬ್ಬ ಕಳೀಲಿ ನೋಡೋಣ ಎಂದರು. ಯಾವ ವರ್ಷದ ಗೌರಿ ಎಂಬುದನ್ನು ಅವರು ಸ್ಪಷ್ಟಪಡಿಸಲಿಲ್ಲ.

ಮೊನ್ನೆ ಮಧ್ಯಾಹ್ನದ ಗಾಳಿ ಮಳೆಯನ್ನು ತಾವು ಅಲ್ಲಿ ಗಮನಿಸಿದಿರೋ ಇಲ್ಲವೋ. ನಮ್ಮ ಕ್ರಾಸಿನ ಕೊನೆಯ ಮರ ತಂತಿಯ ಮೇಲೆ ಒರಗಿತು. ಆಕಾಶ ಇದ್ದಿಲಿನ ಬಣ್ಣಕ್ಕೆ ತಿರುಗಿದ್ದರಿಂದ ಮಹಡಿಯ ಸೋಲಾರೂ ಕೈಚೆಲ್ಲಿತು. ನಮ್ಮ ಹಳೆಯ ಬ್ಯಾಟರಿಯವರು ತಮ್ಮ ಕೈಲಾದಷ್ಟು ಮಾಡಿ ಮಲಗಿದರು. ಮಿಷನ್ನು ನಿಂತಿತು. ನಾನು ಆಪತ್ತಿಗೆಂದು ಇಟ್ಟಿದ್ದ ಸಣ್ಣ ಸಿಲಿಂಡರ್ ತಿರುಗಿಸಿ ಕೊಳವೆ ಸೇರಿಸಿದೆ. ನಾಗರಾಜು ಅವರು ಇನ್ನೊಂದು ಸಿಲಿಂಡರ್ ತರಲು ಮಳೆಯಲ್ಲೇ ಓಡಿದರು. ನಾನು ಅತ್ತೆಯವರ ಬೆನ್ನಿಗೆ ದಿಂಬು ಕೊಟ್ಟು, ಒಂದು ಕೈಯಲ್ಲಿ ಅವರನ್ನು ಹಿಡಿದು, ಸಿಲಿಂಡರಿನ ಮುಳ್ಳು ಕೆಳಗಿಳಿಯುವುದನ್ನು ನೋಡುತ್ತಾ ಕೂತೆ. ಅವರ ತುಟಿ ನೇರಳೆಗೆ ತಿರುಗುತ್ತಿತ್ತು. ಆಗ ನನಗಾದ ಭಯವನ್ನು ವ್ಯಂಗ್ಯವಾಗಿ ಬರೆಯಲು ನನಗೆ ಬರುವುದಿಲ್ಲ, ಕ್ಷಮಿಸಬೇಕು.

ರಮ್ಯಶ್ರೀಗೆ ಫೋನು ಮಾಡಿದೆ. ‘ಅಯ್ಯೋ ಅತ್ತಿಗೆ, ಕರೆಂಟ್ ಹೋಗಿದ್ಯಾ, ಇಲ್ಲಿ ನಮಗೆ ಗೊತ್ತೇ ಆಗ್ಲಿಲ್ಲ. ಅಮ್ಮನ್ನ ಇಲ್ಲಿಗೇ ಕರ್ಕೊಂಡ್ಬನ್ನಿ’ ಎಂದಳು. ಕೆಟ್ಟ ಹುಡುಗಿಯಲ್ಲ, ದನಿಯಲ್ಲಿ ಗಾಬರಿಯೇ ಇತ್ತು. ಅತ್ತೆಯವರು ತಲೆ ಅಲ್ಲಾಡಿಸಿ ಬೇಡವೆಂದರು. ಮಗಳ ಮನೆಯಲ್ಲಿ ಹೋಗಿ ಮಲಗಿದರೆ ಅಳಿಯ ಏನೆಂದುಕೊಂಡಾನು ಎಂಬುದು ಅವರ ಚಿಂತೆ. ಉಸಿರಿಗೆ ಉಸಿರು ಸಿಗದ ಹೊತ್ತಿನಲ್ಲೂ ಮನುಷ್ಯರಿಗೆ ಅಳಿಯನ ಚಿಂತೆಗೆ ಪುರಸೊತ್ತು ಇರುತ್ತದೆ ಎಂಬುದನ್ನು ನಾನು ಅಂದು ಕಂಡೆ.

ಫೋನು ಇಟ್ಟ ಮೇಲೆ ಅವರು ನನ್ನ ಮುಂಗೈ ಹಿಡಿದುಕೊಂಡು, ಒಂದೊಂದೇ ಮಾತನ್ನು ಎಳೆದೆಳೆದು, ‘ಆ ಬ್ಯಾಟ್ರಿ ನೀನೇ ಕೇಳವ್ವ. ನಾನ್ ಕೇಳಿದ್ರೆ ಮಗಳು ನೊಂದ್ಕತಾಳೆ. ಅವ್ನು ಕೇಳಿದ್ರೆ ತವರು ಕೆಟ್ಟೋಯ್ತು ಅಂತಾಳೆ. ನೀನ್ ಕೇಳಿದ್ರೆ ಸೊಸೆ ಕೆಟ್ಟೋಳು ಅಂತಾರೆ, ಅಷ್ಟೇ ತಾನೇ’ ಎಂದರು. ಅಷ್ಟೇ ತಾನೇ ಎಂದಾಗ ಅವರ ಮುಖದಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಮನೆಯಲ್ಲಿ ಒಡೆದರೂ ನಡೆದೀತು ಎಂದು ತಿಳಿದಿರುವ ಮಡಕೆಯನ್ನೇ ನೀರಿಗೆ ಕಳಿಸುವಂತೆ ನನ್ನನ್ನು ಕಳಿಸುತ್ತಿದ್ದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಅವರ ಕೈಯನ್ನು ಮಾತ್ರ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ನಾಗರಾಜು ಅವರು ಸಿಲಿಂಡರ್ ಹೊತ್ತು, ತೊಯ್ದು ತೊಪ್ಪೆಯಾಗಿ ಬಂದರು. ಕತ್ತಲಾಗುವ ಮೊದಲು ಕರೆಂಟೂ ಬಂತು.

ಆದಕಾರಣ ಮಾನ್ಯರೇ, ಕೆಟ್ಟವಳಾಗುವ ಅಧಿಕೃತ ಜವಾಬ್ದಾರಿಯನ್ನು ವಹಿಸಿಕೊಂಡ ನಾನು, ನಾದಿನಿಯನ್ನು ಕೇಳುವ ಬದಲು ನೇರವಾಗಿ ತಮ್ಮನ್ನೇ ಕೇಳಿಕೊಳ್ಳುವುದು ಮರ್ಯಾದೆಯೆಂದು ಭಾವಿಸಿ ಈ ಬಿನ್ನಹ ಸಲ್ಲಿಸುತ್ತಿದ್ದೇನೆ. ತಾವು ದಯವಿಟ್ಟು ತಾವಾಗಿಯೇ ಮನೆಗೆ ಬರುವಂಥವರಾಗಿ. ಉಲ್ಲಾಳದಿಂದ ಬಸ್ಸುಗಳಿವೆ, ಹೆಂಗಸರಿಗೆ ಟಿಕೆಟ್ಟಿಲ್ಲ. ಅರಿಶಿಣ ಕುಂಕುಮ ಹಚ್ಚಿಸಿಕೊಂಡ ತಮ್ಮನ್ನು ಯಾವ ಕಂಡಕ್ಟರೂ ಪ್ರಶ್ನಿಸಲಾರ. ಬಸ್ಸು ತುಂಬಿದ್ದರೆ ಆಮ್ಲ ಚೆಲ್ಲುತ್ತದೆ ಎಂದು ಒಂದು ಮಾತು ಹೇಳಿ ನೋಡಿ, ಕೂರಲು ಜಾಗ ಸಿಕ್ಕೀತು. ಅದು ಸಾಧ್ಯವಾಗದಿದ್ದರೆ, ತಾವು ಒಂದೆರಡು ದಿನ ಮಂಕಾಗಿ ಕೂತು ಅಲ್ಲಿಯವರಿಗೆ ತಮ್ಮ ಸ್ವಂತ ಮನೆಯ ನೆನಪಾಗುತ್ತಿದೆಯೆಂದು ತಿಳಿಸಬಹುದು. ಅದೂ ಆಗದಿದ್ದರೆ ಯೋಗಾನಂದ ಅವರ ಕನಸಿನಲ್ಲಿ ಕಾಣಿಸಿಕೊಳ್ಳಿ. ಅವರು ಕನಸನ್ನು ನಂಬುವವರು, ಅದರ ಪ್ರಕಾರ ಸೈಟು ಮಾರಿದ್ದಾರೆ.

ಮೀನುಗಳ ಬಗ್ಗೆ ತಾವು ಚಿಂತಿಸಬೇಡಿ. ಉಲ್ಲಾಳದ ಮನೆಗೆ ಹೊಸ ಬ್ಯಾಟರಿ ಕೊಡಿಸುವುದು ಅಣ್ಣನಾದವರ ಕರ್ತವ್ಯವೆಂದು ನಾಗರಾಜು ಅವರಿಗೆ ನಾನು ಮನದಟ್ಟು ಮಾಡಿದ್ದೇನೆ, ಅವರು ಅದಕ್ಕೂ ಹೋಗ್ಲಿ ಬಿಡು ಎಂದಿದ್ದಾರೆ. ಗೌರಿಗೆ ಅದೇ ಬಾಗಿನ. ತಾವು ಮಾತ್ರ ಅಷ್ಟು ದಿನ ಕಾಯಬೇಡಿ, ಮೋಡ ನೋಡಿದರೆ ನಮ್ಮಲ್ಲಿ ಅಷ್ಟು ದಿನ ಕಾಯುವ ಧೈರ್ಯವಿಲ್ಲ.

ಪತ್ರಿಕೆಗಳು ರಸ್ತೆಗುಂಡಿಯ ದೂರನ್ನಷ್ಟೇ ಅಚ್ಚು ಹಾಕುವುದರಿಂದ ಈ ಬಹಿರಂಗ ಪತ್ರವನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೇನೆ. ತಮಗೆ ಓದಲು ಬಾರದು ಎಂಬುದು ನನಗೆ ಗೊತ್ತು. ಅಲ್ಲಿ ತಮ್ಮ ಹತ್ತಿರ ಇರುವ ಯಾರಾದರೂ ಓದಿ ಹೇಳುತ್ತಾರೆಂಬ ನಂಬಿಕೆಯಿಂದ,

ತಮ್ಮ ವಿಶ್ವಾಸಿ, ಸದ್ಯ ಒಂದೇ ಬ್ಯಾಟರಿಯ ಮನೆಯ,
ಶಿಲ್ಪಾ ನಾಗರಾಜು
ಮೂಡಲಪಾಳ್ಯ

ತಾ.ಕ.: ಗುಂಪಿಗೆ ಹಾಕುವ ಮೊದಲು ಈ ಪತ್ರವನ್ನು ಅತ್ತೆಯವರಿಗೆ ಪೂರ್ತಿ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ, ‘ಅದ್ರ ಕೆಳಗಿನ ಚಕ್ರದ ಸ್ಟ್ಯಾಂಡೂ ನಮ್ದೇ, ಅದ್ನೂ ಬರಿ. ನಂಗೆ ಗೊತ್ತೇ ಇಲ್ಲ ಅಂತಾನೂ ಬರಿ’ ಎಂದರು. ಆದ್ದರಿಂದ ಬರುವಾಗ ಚಕ್ರದ ಸ್ಟ್ಯಾಂಡಿನ ಸಮೇತ ಬರತಕ್ಕದ್ದು, ಮತ್ತು ಈ ಪತ್ರದ ವಿಷಯ ಅತ್ತೆಯವರಿಗೆ ಏನೇನೂ ಗೊತ್ತಿಲ್ಲವೆಂಬುದನ್ನು ಸಮಸ್ತ ಬಂಧುಗಳೂ ಗಮನಿಸತಕ್ಕದ್ದು.