ಮಿದುಳಿನ ಮಾದರಿ

ಮುಷ್ಟಿಯಲ್ಲಿ ಹಿಡಿದು, ಮೂಸಿ, ಒಂದು ಕಾಳು ಕಡಿದು ನೋಡದೆ ನಮ್ಮ ಅಣ್ಣಿಗೇರಿಯಲ್ಲಿ ಯಾರೂ ಏನನ್ನೂ ಕೊಳ್ಳುವುದಿಲ್ಲ. ಒಬ್ಬನ ಚೀಲದಿಂದ ಒಂದು ಮುಷ್ಟಿ ಕಡಲೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಎದುರಿನ ಅಂಗಡಿಗೆ ಹೋಗಿ, "ಇದಕಿಂತ ಚಲೋ ಐತೇನ್ರಿ ನಿಮ್ಮದು?" ಎಂದು ಕೇಳುವುದು ಇಲ್ಲಿ ಕಳ್ಳತನವಲ್ಲ, ಶಾಣ್ಯಾತನ. ಈ ಶಾಣ್ಯಾತನವನ್ನು ನಾನು ಒಮ್ಮೆ ಕಂಪ್ಯೂಟರಿಗೂ ಹಚ್ಚಿದೆ. ಇಂದಿಗೂ ಉಣ್ಣುವಾಗ ಅದು ನೆನಪಾದರೆ ಅಗಿಯುವುದನ್ನೇ ನಿಲ್ಲಿಸುತ್ತೇನೆ. "ಯಾಕ, ಕಲ್ಲು ಸಿಕ್ಕಿತೇನು?" ಎಂದು ಹೆಂಡತಿ ಕೇಳುತ್ತಾಳೆ. ಅವಳಿಗೂ ನಾನು ನಿಜ ಹೇಳಿಲ್ಲ.

ನಾನು ಇಲ್ಲಿಯ ರೈತರ ಸಹಕಾರಿ ಸೊಸೈಟಿಯ ಕಾರ್ಯದರ್ಶಿ. ಕಂಪ್ಯೂಟರ್ ಹೊಸದಾಗಿ ಬರುತ್ತಿದ್ದ ಆ ದಿನಗಳಲ್ಲಿ ಸೊಸೈಟಿಗೂ ಒಂದು ಬೇಕೆಂಬುದು ಅಧ್ಯಕ್ಷ ಗೌಡರ ತಲೆಗೆ ಹೊಕ್ಕಿದ್ದೇ ತಡ, ಹುಬ್ಬಳ್ಳಿಯಿಂದ ಇಬ್ಬರು ಮಾರಾಟಗಾರರು ಬಂದಿಳಿದರು: ವಿನಾಯಕನೆಂಬ ತೆಳ್ಳಗಿನ ತರುಣ, ಶಿಂದೆ ಎಂಬ ದುಂಡು ಮನುಷ್ಯ. ಪೆಟ್ಟಿಗೆ ಇಬ್ಬರದೂ ಒಂದೇ ಥರ. ಜಗಳವೆಲ್ಲ ಒಳಗಿನ ಪ್ರೊಸೆಸರಿನದು. ಅದು ಕಂಪ್ಯೂಟರಿನ ಮಿದುಳಂತೆ. ಅದನ್ನು ಮಾಡುವ ಎರಡು ಪರದೇಶದ ಕಂಪನಿಗಳು ಒಂದನ್ನೊಂದು ನುಂಗಲು ಹೊರಟಿವೆಯಂತೆ.

"ಅವರ ಮಿದುಳು ಅಗದಿ ಸಾವಕಾಶರಿ," ಎಂದ ವಿನಾಯಕ.

"ಅವರ ಮಾಲು ಹಡಗು ಇಳಿಯೂದ್ರಾಗ ನಿಮ್ಮ ಮೊಮ್ಮಕ್ಕಳ ಮದವಿ ಆಗಿರತಾವು," ಎಂದ ಶಿಂದೆ.

ವಿನಾಯಕ ಒಂದು ಸಂಜೆ ತನ್ನ ಯಂತ್ರವನ್ನು ಸೊಸೈಟಿಯಲ್ಲಿ ಹೂಡಿ, ಮುಚ್ಚಳ ತೆಗೆದು ಮಿದುಳನ್ನು ತೋರಿಸಿದ. ಜರಿಹುಳದ ಹಾಗೆ ಸಾಲುಗಾಲಿನ, ಕರೀ ಬಣ್ಣದ ಪುಟ್ಟ ಬಿಲ್ಲೆ. "ನಾಳೆ ಗೌಡ್ರ ಮುಂದ ಇದು ನಡದ್ರ ನನ್ನ ನೌಕರಿ ಕಾಯಂ ಆಗ್ತದರಿ. ಇನ್ನೂ ಒಂದೂ ಮಾರಿಲ್ಲ," ಎಂದು ಯಂತ್ರವನ್ನು ನನಗೊಪ್ಪಿಸಿ ಬಳಗದವರ ಮನೆಗೆ ಹೋದ.

ನಾನು ಒಳಗೆ ಇಣುಕಿದೆ. ಅಂಥ ಕರೀ ಬಿಲ್ಲೆಗಳು ಸಾಲು ಸಾಲು ಇದ್ದವು. ಒಂದು ಮುಷ್ಟಿ ತೆಗೆದರೆ ಚೀಲ ಬರಿದಾಗುತ್ತದೆಯೇ? ಚೀಲ ಹೊಲಿಯುವ ದಬ್ಬಣದಿಂದ ಮೀಟಿ ಮಿದುಳನ್ನು ಎಬ್ಬಿಸಿದೆ, ಮುಚ್ಚಳ ಮುಚ್ಚಿದೆ, ಬಿಲ್ಲೆಯನ್ನು ಕಾಗದದಲ್ಲಿ ಕಟ್ಟಿದೆ, ಚಹಾದಂಗಡಿಯಲ್ಲಿದ್ದ ಶಿಂದೆಯ ಮುಂದೆ ಬಿಚ್ಚಿದೆ.

"ಇದೇನ್ರಿ ಸಾಹೇಬ್ರ?"

"ಮಾದರಿ. ಇದಕಿಂತ ಚಲೋ ಇದ್ರ ತೋರಸ್ರಿ."

ಶಿಂದೆ ಬಿಲ್ಲೆಯನ್ನು ಹೊರಳಿಸಿ ನೋಡಿ ತಿರುಗಿ ನನ್ನ ಕೈಗೇ ಇಟ್ಟ. "ನಿಮ್ಮಂಥ ಗಿರಾಕಿ ಸಿಗಬೇಕಾದ್ರ ಪುಣ್ಯಾ ಮಾಡಿರಬೇಕ್ರಿ," ಎಂದು ಚಹಾದ ಜೊತೆ ನನಗೊಂದು ಮಿರ್ಚಿ ಭಜಿಯನ್ನೂ ತರಿಸಿದ. ಮಿದುಳಿಲ್ಲದೆ ಯಂತ್ರ ಏಳುವುದಿಲ್ಲವೆಂಬುದನ್ನು ಮಾತ್ರ ಹೇಳಲಿಲ್ಲ.

ಮರುದಿನ ಗೌಡರೂ ಸೊಸೈಟಿಯ ಪಂಚರೂ ಕುಳಿತರು. ವಿನಾಯಕ ಗುಂಡಿ ಒತ್ತಿದ. ಪರದೆ ಕಪ್ಪಗೇ ಉಳಿಯಿತು. ಮತ್ತೆ ಒತ್ತಿದ. ಅವನ ಅಂಗಿ ಬೆನ್ನಿಗೆ ಅಂಟಿತು. "ಯಾಕೋ ತಮ್ಮಾ, ಇದರ ಮಿದುಳು ಹುಬ್ಬಳ್ಳ್ಯಾಗ ಮರತು ಬಂದೀಯೇನು?" ಎಂದರು ಗೌಡರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಿದುಳು ನನ್ನ ಜೇಬಿನಲ್ಲಿತ್ತು.

ಬಸ್ ನಿಲ್ದಾಣದಲ್ಲಿ ವಿನಾಯಕನನ್ನು ಹಿಡಿದು ಪೊಟ್ಟಣ ಕೊಟ್ಟೆ. ಬಿಚ್ಚಿ ನೋಡಿದವನು ಬೈಯಲಿಲ್ಲ. ಬಾಗಿದ ಕಾಲುಗಳನ್ನು ಉಗುರಿನಿಂದ ಒಂದೊಂದಾಗಿ ನೆಟ್ಟಗೆ ಮಾಡುತ್ತ, "ಆವಾಗನ ಹೇಳಬಾರದಿತ್ತೇನ್ರಿ? ನಡೀರಿ, ಈಗರ ಹೋಗಿ ಹೇಳೂಣು," ಎಂದ.

"ಗೌಡ್ರು ಊಟಕ್ಕ ಎದ್ದಿರತಾರಪಾ," ಎಂದೆ. ಆಗಿನ್ನೂ ಹತ್ತೂವರೆ.

ಆರ್ಡರ್ ಶಿಂದೆಗೆ ಹೋಯಿತು. ನಾಲ್ಕು ತಿಂಗಳಾದರೂ ಪೆಟ್ಟಿಗೆ ಬರಲಿಲ್ಲ. ಅವನ ಕಂಪನಿಯ ಮಿದುಳಿಗೇ ಬರ ಬಿದ್ದಿತ್ತಂತೆ. ಗೌಡರು ಸಿಟ್ಟಾಗಿ, "ಆ ಹುಡುಗನ್ನರ ಕರೀರಿ," ಎಂದರು. ಇನ್ನೂ ಕಾಯಂ ಆಗದಿದ್ದ ವಿನಾಯಕ ಅದೇ ಯಂತ್ರವನ್ನು ಹೊತ್ತು ತಂದ. ಈ ಸಲ ಪರದೆ ಥಟ್ಟನೆ ಬೆಳಗಿತು. ಗೌಡರು ಅಲ್ಲೇ ಆರ್ಡರ್ ಕೊಟ್ಟು, "ಅವತ್ತ ಏನಾಗಿತ್ತೋ ಇದಕ್ಕ?" ಎಂದು ಕೇಳಿದರು.

ವಿನಾಯಕ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಬಸ್ಸಿನ್ಯಾಗ ಕುಲುಕ್ಯಾಡಿ ಸಡಲ ಆಗಿತ್ರಿ," ಎಂದ ಅವನು.

ಅಲ್ಲಿಗೆ ಸುಮ್ಮನಿದ್ದರೂ ಆಗುತ್ತಿತ್ತು. "ಹೌದ್ರಿ ಗೌಡ್ರ, ನಮ್ಮ ರಸ್ತಾನ ಹಂಗ ಅದ," ಎಂದು ಬಾಯಿ ಹಾಕಿದೆ. ಗೌಡರ ಮನಸ್ಸಿಗೆ ಅದು ನಾಟಿತು. ಇಂಥ ರಸ್ತೆಯಿಂದಾಗಿ ಒಬ್ಬ ನಿರಪರಾಧಿ ತರುಣ ನಾಲ್ಕು ಮಂದಿಯಲ್ಲಿ ಮಾನ ಕಳೆದುಕೊಳ್ಳಬೇಕಾಯಿತೆಂದು ಸರಕಾರಕ್ಕೆ ತಕರಾರು ಅರ್ಜಿ ಕಳಿಸಲು ಅಂದೇ ಠರಾವಾಯಿತು. ಅರ್ಜಿಯನ್ನು ನಾನೇ ಬರೆದೆ. ಬಹಳ ಮನಮುಟ್ಟುವಂತೆ ಬಂದಿದೆಯೆಂದು ಎಲ್ಲರೂ ಹೊಗಳಿದರು.