ಹಾಯುವ ದೋಣಿ

ಹಾಯಿದೋಣಿ ಇಟ್ಟುಕೊಂಡವನನ್ನು ನೋಡಿ ನಗಲು ಜನಕ್ಕೆ ಕಾರಣ ಹುಡುಕಬೇಕಿಲ್ಲ. ಅದರಲ್ಲೂ ನಮ್ಮ ತಾಲ್ಲೂಕು ಹೆಸರಿಗೆ ಸಾಗರ. ಸಮುದ್ರ ಮಾತ್ರ ಘಟ್ಟದ ಕೆಳಗೆ.

ಪಕ್ಕದ ತಾಲ್ಲೂಕಿನ ರಿಪ್ಪನ್‌ಪೇಟೆಯಲ್ಲಿ ನನ್ನದು ಫೈಬರ್ ಕೆಲಸದ ಅಂಗಡಿ. ನೀರಿನ ಟ್ಯಾಂಕು, ಬಸ್ಸಿನ ಬಂಪರ್‌ಗಳಿಗೆ ತೇಪೆ ಹಾಕುತ್ತೇನೆ. ಕರಾವಳಿಯಲ್ಲಿ ಯಾರೋ ಮೂಲೆಗೆ ಹಾಕಿದ್ದ ಪುಟ್ಟ ಫೈಬರ್ ಹಾಯಿದೋಣಿಯನ್ನು ತಂದು, ಕೈಯಾರೆ ರಿಪೇರಿ ಮಾಡಿ, ಶರಾವತಿ ಹಿನ್ನೀರಿಗೆ ಇಳಿಸಿದೆ. ಒಂದು ಹನಿ ನೀರೂ ಒಳಗೆ ಬರುವುದಿಲ್ಲ. ನನಗೆ ಅದರ ಮೇಲೆ ಹೆಮ್ಮೆ ಜಾಸ್ತಿಯೇ. ಅಮ್ಮನನ್ನು ಕೂರಿಸಿ ಒಂದು ಸುತ್ತು ಹಾಕಿಸಬೇಕು ಅನ್ನುವ ಆಸೆಯೊಂದು ಉಳಿದಿತ್ತು. ಅವಳು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

ಟವರು

ದೋಣಿಯನ್ನು ಲಾರಿಯಲ್ಲಿ ಘಟ್ಟ ಹತ್ತಿಸಿ ತರುವಾಗ ಹೊಸನಗರದ ಹತ್ತಿರ ಚಹಾಕ್ಕೆ ನಿಲ್ಲಿಸಿದ್ದೆವು. ದೋಣಿ ಲಾರಿಯೊಳಗೆ ಮರೆಯಾಗಿತ್ತು, ಹಾಯಿ ಕಟ್ಟುವ ಉದ್ದದ ಕಂಬ ಮಾತ್ರ ಹಿಂದಕ್ಕೆ ಚಾಚಿಕೊಂಡಿತ್ತು. ಹಿರಿಯರೊಬ್ಬರು ಅದಕ್ಕೆ ಒಂದು ಪ್ರದಕ್ಷಿಣೆ ಹಾಕಿ, "ಅಂತೂ ಬಂತಲ್ಲ. ಎಲ್ಲಿ ನಿಲ್ಸ್ತೀರಿ?" ಅಂದರು.

"ನೀರಲ್ಲಿ" ಅಂದೆ.

ಅವರ ಮುಖ ಸಪ್ಪಗಾಯಿತು. "ಮೀನಿಗೆ ನೆಟ್‌ವರ್ಕ್ ಕೊಡ್ತೀರಾ ಹಂಗಾದ್ರೆ? ನಮ್ಮನೇಲಿ ಒಂದು ಫೋನ್ ಮಾಡ್ಬೇಕಂದ್ರೆ ಗುಡ್ಡ ಹತ್ಬೇಕು ಮಾರಾಯ್ರೆ."

ಸೇತುವೆ

ಸಿಗಂದೂರಿಗೆ ಸೇತುವೆಯಾಗಿ, ಹಿನ್ನೀರು ದಾಟಿಸುತ್ತಿದ್ದ ಲಾಂಚನ್ನು ಜನರೆಲ್ಲ ಮರೆತ ಮೇಲೆ ನಾನು ದೋಣಿ ತಂದದ್ದು. ಒಂದು ದಿನ ಸೇತುವೆಯ ಮೇಲೆ ಸೆಲ್ಫಿಗೆ ನಿಂತವರು ಕೂಗಿದರು, "ಅಣ್ಣಾ, ಸೇತುವೆ ಆಗಿದೆ, ಗೊತ್ತಿಲ್ವಾ?"

ನಾನು ಹಾಯಿ ಬಿಚ್ಚಿದೆ. ಗಾಳಿ ತುಂಬಿಕೊಂಡಿತು. ಸೇತುವೆಯ ಕಂಬಗಳ ನಡುವೆ ದೋಣಿ ನುಗ್ಗಿದ್ದನ್ನು ಕಂಡು ಮೇಲಿದ್ದವರೆಲ್ಲ ಸೆಲ್ಫಿ ಬಿಟ್ಟು ನನ್ನ ಫೋಟೋ ತೆಗೆದರು. ನಾನು ಎದೆಯುಬ್ಬಿಸಿ ಕೂತೆ. ಸಂಜೆ ಆ ಫೋಟೋ ವಾಟ್ಸಾಪ್‌ನಲ್ಲಿ ಸುತ್ತಿ ನನ್ನ ಫೋನಿಗೇ ಬಂತು. ಕೆಳಗೆ ಬರೆದಿದ್ದರು: "ಹೊಳೆಗೆ ಹಾರಿದ ಅಡಿಕೆ ಒಣಗಿಸುವ ಟಾರ್ಪಾಲು ಹಿಡಿಯಲು ಹೋದ ರೈತ."

ಅಮ್ಮ

ದೋಣಿ ಬಂದ ದಿನವೇ ಅಮ್ಮ ಕೇಳಿದ್ದಳು, "ಇದಕ್ಕೆ ಎಂತ ಹೇಳ್ತಾರೆ?"

"ಹಾಯಿದೋಣಿ."

"ಹಾಯೋ ದೋಣಿಯಾ? ಹಾಯೋ ಎಮ್ಮೆ ಹತ್ರಾನೇ ನಾ ಹೋಗಲ್ಲ, ಇದನ್ನ ಹತ್ತೋದಾ?"

ಆಮೇಲೆ ಆ ಫೋಟೋ ನೋಡಿ ಅವಳಿಗೆ ಸಿಟ್ಟು ಬಂತು. ಮಗನ ದೋಣಿಯನ್ನು ಟಾರ್ಪಾಲು ಅನ್ನುವುದೇ? "ನಡಿ, ನಾ ಕೂರ್ತೀನಿ" ಅಂದಳು. ನನಗೆ ಆಕಾಶಕ್ಕೆ ಮೂರೇ ಗೇಣು.

ಅವತ್ತು ಎದುರು ಗಾಳಿ. ಹಾಗಿದ್ದಾಗ ದೋಣಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಬಿಡುತ್ತಲೇ ಮುಂದೆ ಹೋಗಬೇಕು.

"ನೆಟ್ಟಗೆ ಹೋಗಾ. ನೋಡ್ದೋರು ಕುಡಿದಿದಾನೆ ಅಂತಾರೆ" ಅಂದಳು ಅಮ್ಮ.

ನನ್ನ ಜಾಣತನವನ್ನು ವಿವರಿಸಲು ಅವಳ ಕಡೆ ತಿರುಗಿದೆ. ದೋಣಿಯೂ ತಿರುಗಿತು. ಹಾಯಿಯ ಬುಡದ ಅಡ್ಡಕೋಲು ಸರ್ರನೆ ಬಂದು ನನ್ನ ಹಣೆಗೆ ಬಡಿಯಿತು.

"ಹಾಯ್ತದೆ ಅಂತ ನಾ ಮೊದಲೇ ಹೇಳ್ಲಿಲ್ವಾ?" ಅಂದಳು ಅಮ್ಮ, ಕೂತಲ್ಲಿಂದ ಅಲ್ಲಾಡದೆ.

ದಡಕ್ಕೆ ಬಂದಾಗ ನನ್ನ ಹಣೆಯ ಮೇಲೆ ನಿಂಬೆಗಾತ್ರದ ಬುಗುಟು. ಪಕ್ಕದ ಮನೆಯಾಕೆ ಅದನ್ನೇ ನೋಡುತ್ತಾ, ಹತ್ತಲೋ ಬೇಡವೋ ಎಂದು ನಿಂತಿದ್ದಳು. ಅಮ್ಮ ಇಳಿಯಲೇ ಇಲ್ಲ. ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು.

"ಬಾರೇ, ಹೆದರಬೇಡ. ನಮ್ಮನೆ ದೋಣಿ ಭಾರೀ ಸಾಧು. ಯಜಮಾನನಿಗೆ ಮಾತ್ರ ಹಾಯೋದು."